ಕಸ್ತೂರಿ ಹಚ್ಚಿದ ಎಳೆಗಳು

ಕೊರೊನಾ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ಎರಡನೆಯ ವರ್ಷ, ಡಿಸೆಂಬರ್ ತಿಂಗಳು. ನಾನಾಗ ಬನಹಟ್ಟಿಯ ಒಂದು ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿಯ ಟೀಚರ್. ಆ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ನಾನು ಒಂದು ಮಗುವಿಗೆ ಏನು ಮಾಡಿದೆ ಎಂಬುದನ್ನು ನನ್ನ ಮನೆಯವರಿಗೂ ಪೂರ್ತಿಯಾಗಿ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಜಮಖಂಡಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ತಂದೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಮುಂಗೋಪಿ. ಅವರ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಆ ಸಿಟ್ಟು ಒಂದೇ. ಮಕ್ಕಳು ನನಗೆ 'ಮೆಣಸಿನಕಾಯಿ ಟೀಚರ್' ಎಂದು ಹೆಸರಿಟ್ಟಿದ್ದರು. ಕಿವಿಗೆ ಬಿದ್ದರೂ ಬೀಳದವಳ ಹಾಗೆ ಇರುತ್ತಿದ್ದೆ. ಆದರೆ ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಬನಹಟ್ಟಿಯಲ್ಲಿ ಒಂಬತ್ತು ವರ್ಷ ಕಲಿಸಿದರೂ ಮಗ್ಗದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅದರ ಸದ್ದು ಮಾತ್ರ. ಶಾಲೆಯ ಸುತ್ತಲೂ ಪವರ್‌ಲೂಮುಗಳು. ಅವುಗಳ ಖಟಖಟದ ಮೇಲೆ ದನಿ ಎತ್ತರಿಸಿ ಪಾಠ ಮಾಡಿ ಎಷ್ಟು ರೂಢಿಯಾಗಿತ್ತೆಂದರೆ, ಕರೆಂಟು ಹೋಗಿ ಮಗ್ಗ ನಿಂತ ದಿನ ನಾನು ಸುಮ್ಮನೆ ಕಿರುಚುತ್ತಿರುವುದು ನನಗೇ ತಿಳಿದು ನಾಚಿಕೆಯಾಗುತ್ತಿತ್ತು.

ಆ ವರ್ಷ ಜಮಖಂಡಿಯ ಆಚೆ ಒಂದು ಹಳೆಯ ವಾಡೆಯಲ್ಲಿ, ಅಂದರೆ ಹಿಂದಿನ ಸಿರಿವಂತರ ದೊಡ್ಡ ಮನೆಯಲ್ಲಿ, ಕಲಾ ಸಂಗ್ರಹಾಲಯವೊಂದು ಹೊಸದಾಗಿ ಶುರುವಾಗಿತ್ತು. ಅದರ ಹೆಸರು ಇಲ್ಲಿ ಬೇಡ. ವಾರದಲ್ಲಿ ಒಂದು ದಿನ ಶಾಲಾ ಮಕ್ಕಳಿಗೆಂದೇ ಇಟ್ಟಿದ್ದರು. ನಮ್ಮ ಹೆಡ್ ಮಾಸ್ತರರಿಗೆ ಮನಸ್ಸಿರಲಿಲ್ಲ. "ಚಿತ್ರ ನೋಡಿ ಏನ ಮಾಡ್ತಾರ್ರಿ ಇವ್ರು? ಆಲಮಟ್ಟಿ ಡ್ಯಾಮ್ ತೋರಿಸಿದ್ರ ಪರೀಕ್ಷಾದಾಗರ ಬರತೈತಿ" ಎಂದರು. ನಾನು ಹದಿನೈದು ದಿನ ಬೆನ್ನುಬಿದ್ದು ಒಪ್ಪಿಸಿದೆ. ಒಪ್ಪಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಏನರ ಹೆಚ್ಚುಕಮ್ಮಿ ಆತಂದ್ರ ಅದು ನಿಮ್ಮ ತಲಿಮ್ಯಾಲ ನೋಡ್ರಿ." ಆಗಲಿ ಎಂದೆ.

ಒಟ್ಟು ಮೂವತ್ತೊಂಬತ್ತು ಮಕ್ಕಳು. ಜೊತೆಗೆ ನಾನು ಮತ್ತು ಡ್ರಿಲ್ ಕಲಿಸುವ ಪಾಟೀಲ ಸರ್. ಬಸ್ಸಿನಲ್ಲಿ ಜಮಖಂಡಿ ಮುಟ್ಟುವವರೆಗೂ ನಾನು ಹೇಳಿದ್ದನ್ನೇ ಹೇಳಿದೆ. ಸಾಲಾಗಿ ನಡೆಯಬೇಕು, ಗದ್ದಲ ಮಾಡಬಾರದು, ಯಾವುದಕ್ಕೂ ಕೈ ಹಚ್ಚಬಾರದು. ಕಬ್ಬಿನ ಹಂಗಾಮು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನಿಂದ ಕಬ್ಬು ಎಳೆಯಲು ಕಿಟಕಿಯಿಂದ ಹೊರಗೆ ಕೈ ಚಾಚಿದ ಇಬ್ಬರಿಗೆ ಬೈದು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ.

ವಾಡೆಯ ಬಾಗಿಲಲ್ಲಿ ಅಲ್ಲಿಯ ವ್ಯವಸ್ಥಾಪಕರು ನಿಂತಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಮಕ್ಕಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಬಾಯಾರ, ನಿಮ್ಮ ಹುಡುಗ್ರು ಶಿಸ್ತಿನಾಗ ಇರ್ತಾರಲ್ರಿ? ಹ್ವಾದ ವಾರ ಒಂದ ಸಾಲಿಯಾವ್ರು ಬಂದು ಗ್ವಾಡಿ ತುಂಬ ಕೈ ಒರಸಿ ಹೋಗ್ಯಾರ" ಎಂದರು. ನಮ್ಮ ಕಡೆ ಹೆಣ್ಣು ಟೀಚರುಗಳನ್ನು ಬಾಯಾರು ಎಂದೇ ಕರೆಯುವುದು. ಮಾತು ಮರ್ಯಾದೆಯದ್ದೇ, ಆದರೆ ಅವರ ನೋಟ ನನಗೆ ಚುಚ್ಚಿತು. "ನನ್ನ ಹುಡುಗ್ರ ಚಿಂತಿ ನಿಮಗ ಬ್ಯಾಡ್ರಿ" ಎಂದೆ. ಆ ಮಾತನ್ನು ಉಳಿಸಿಕೊಳ್ಳಬೇಕೆಂಬ ಹಟ ಆಗಲೇ ನನ್ನೊಳಗೆ ಕೂತಿತು.

ಮೊದಲ ಕೋಣೆಯಲ್ಲಿ ಮಣ್ಣು, ಬಣ್ಣ, ಕಾಗದ ಇಟ್ಟಿದ್ದರು. ಅಲ್ಲಿ ಏನನ್ನು ಬೇಕಾದರೂ ಮುಟ್ಟಬಹುದಿತ್ತು. ಮಕ್ಕಳು ಮೊಣಕೈವರೆಗೆ ಮಣ್ಣು ಮಾಡಿಕೊಂಡು ಎತ್ತು, ಗಣಪತಿ, ಲಾರಿ ಮಾಡಿದರು. ಆಮೇಲಿನ ಕೋಣೆಗಳಲ್ಲಿ ಚಿತ್ರಗಳು. ಪೂರಾ ಕಪ್ಪು ಬಳಿದ ಒಂದು ದೊಡ್ಡ ಚಿತ್ರದ ಮುಂದೆ ನಿಂತು ಒಬ್ಬ ಹುಡುಗ, "ಟೀಚರ್, ಇದನ್ನ ಕರೆಂಟ ಹೋದಾಗ ಬರದಾರೇನ್ರಿ?" ಎಂದು ಕೇಳಿದ. ಪಾಟೀಲ ಸರ್ ನಗು ತಡೆಯಲಾರದೆ ಹೊರಗೆ ಹೋದರು. ನಾನೂ ನಕ್ಕೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಕೊನೆಯ ಕೋಣೆಯಲ್ಲಿ ಒಂದು ಕೈಮಗ್ಗ ಇತ್ತು. ಸುತ್ತಲೂ ಹಗ್ಗ ಕಟ್ಟಿದ್ದರು. ಮಗ್ಗದ ಮೇಲೆ ಅರ್ಧ ನೇಯ್ದ ಒಂದು ಸೀರೆ. ಉಳಿದರ್ಧದಲ್ಲಿ ಹಾಸಿನ ಎಳೆಗಳು, ಅಂದರೆ ಉದ್ದಕ್ಕೆ ಬಿಗಿದ ನೂಲುಗಳು, ಅಲ್ಲಲ್ಲಿ ಕತ್ತರಿಸಿಹೋಗಿ ಜೋತುಬಿದ್ದಿದ್ದವು. ಕೆಳಗೆ ನೆಲದ ಮೇಲೆ ಅದೇ ಬಣ್ಣದ ನೂಲಿನ ರಾಶಿ. ಪಕ್ಕದ ಫಲಕವನ್ನು ನಾನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಬ್ಬ ನೇಕಾರ ಈ ಸೀರೆ ಮುಗಿಸುವ ಮೊದಲೇ ತೀರಿಕೊಂಡ. ಕಲಾವಿದರು ಆ ಮಗ್ಗವನ್ನು ಹಾಗೆಯೇ ತಂದು, ಎಳೆಗಳನ್ನು ತಾವೇ ಕತ್ತರಿಸಿ, ನಿಂತುಹೋಗುತ್ತಿರುವ ಕೈಮಗ್ಗಗಳ ನೆನಪಿಗೆಂದು ಇಲ್ಲಿ ಇಟ್ಟಿದ್ದಾರೆ. ಅಷ್ಟೇ ಇತ್ತು ಅದರಲ್ಲಿ.

ಮಕ್ಕಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಇದು ನಮ್ಮ ಮನ್ಯಾಗೂ ಐತ್ರಿ" ಎಂದು ನಾಲ್ಕೈದು ಜನ ಒಟ್ಟಿಗೇ ಹೇಳಿದರು. ಹಗ್ಗಕ್ಕೆ ಅಂಟಿ ನಿಂತವಳು ಕಸ್ತೂರಿ ಒಬ್ಬಳೇ. ಹನ್ನೊಂದು ವರ್ಷದ ಹುಡುಗಿ, ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಓದಿನಲ್ಲಿ ಸಾಧಾರಣ, ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಉತ್ತರ ಹೇಳಿ ಕೂತುಬಿಡುವ ಮಗು. ಅವತ್ತು ತಾನಾಗಿ ಕೇಳಿದಳು.

"ಟೀಚರ್, ಎಳಿ ಹರದು ಹಂಗ ಬಿಟ್ಟಾರಲ್ರಿ?"

"ಅದು ಹಂಗ ಇರಬೇಕು. ಅದಕ್ಕ ಕಲಾ ಅಂತಾರ."

"ಹಂಗ ಯಾಕ ಇರಬೇಕ್ರಿ?"

ಖರೆ ಹೇಳಬೇಕೆಂದರೆ ನನಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ರೂಢಿಯೂ ಇರಲಿಲ್ಲ. "ಸಾಕ, ಲೈನಿನ್ಯಾಗ ನಡಿ" ಎಂದೆ.

ಒಂದು ಗಂಟೆಗೆ ಊಟ. ವಾಡೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಮಕ್ಕಳು ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಬ್ಬರದನ್ನೊಬ್ಬರು ಕಿತ್ತುಕೊಂಡು ತಿನ್ನುವ ಗದ್ದಲ. ನಾನು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ತಿರುಗುತ್ತ, ಅವರಿವರ ಬುತ್ತಿಯ ರುಚಿ ನೋಡುತ್ತ ಇದ್ದುಬಿಟ್ಟೆ. ಮುಕ್ಕಾಲು ತಾಸಿನ ಮೇಲೆ ಎಣಿಸಿದೆ. ಮೂವತ್ತೆಂಟು. ಮತ್ತೆ ಎಣಿಸಿದೆ. ಮೂವತ್ತೆಂಟೇ. ವಾಡೆಯ ಹಿಂದೆ ಒಂದು ಹಾಳು ಬಾವಿ ಇರುವುದನ್ನು ಬರುವಾಗಲೇ ನೋಡಿದ್ದೆ. ಪಾಟೀಲ ಸರ್ ಬಾವಿಯ ಕಡೆ ಓಡಿದರು. ನಾನು ಒಂದೊಂದೇ ಕೋಣೆ ಹುಡುಕುತ್ತ ಒಳಗೆ ಓಡಿದೆ.

ಕೊನೆಯ ಕೋಣೆಯಲ್ಲಿ, ಹಗ್ಗದ ಈಚೆಗೆ, ಎರಡು ಪುಟ್ಟ ಚಪ್ಪಲಿಗಳನ್ನು ಜೋಡಿಸಿ ಬಿಟ್ಟಿತ್ತು.

ಕಸ್ತೂರಿ ಮಗ್ಗದ ಮುಂದೆ ಕೂತಿದ್ದಳು. ನಾಲಿಗೆಯ ತುದಿ ಹಲ್ಲಿನ ನಡುವೆ ಕಚ್ಚಿಕೊಂಡು, ಮಗ್ಗದ ಮೇಲೆ ಬಗ್ಗಿ, ಹರಿದ ಎಳೆಗಳನ್ನು ಹಚ್ಚುತ್ತಿದ್ದಳು. ನೆಲದ ರಾಶಿಯಿಂದ ಒಂದು ತುಂಡು ನೂಲು ತೆಗೆಯುವುದು, ಬೆರಳು ಒದ್ದೆ ಮಾಡಿ ಎರಡು ತುದಿ ಹೊಸೆಯುವುದು, ಗಂಟು, ಆಮೇಲೆ ಮೆಲ್ಲಗೆ ಒಮ್ಮೆ ಜಗ್ಗಿ ನೋಡುವುದು. ನಾನು ಬಾಗಿಲಲ್ಲಿ ನಿಂತಿದ್ದಾಗಲೇ ಮೂರು ಎಳೆ ಆದವು. ಗಂಟು ಬೀಳುವುದು ಮಾತ್ರ ನನ್ನ ಕಣ್ಣಿಗೆ ಸಿಗಲಿಲ್ಲ. ತರಗತಿಯಲ್ಲಿ ಭಾಗಾಕಾರಕ್ಕೆ ತಡವರಿಸುವ ಕೈ ಇದೇ ಎಂದರೆ ನಂಬುವ ಹಾಗಿರಲಿಲ್ಲ.

ನನ್ನನ್ನು ನೋಡಿ ನಕ್ಕಳು. "ಟೀಚರ್, ಇನ್ನ ಬಾಳ ಅದಾವ್ರಿ. ಊಟ ಮುಗೀತೇನ್ರಿ?"

ಶಾಬಾಶ್ ಎನ್ನುತ್ತೇನೆ ಎಂದುಕೊಂಡಿದ್ದಳೋ ಏನೋ. ಅಷ್ಟರಲ್ಲಿ ನನ್ನ ಹಿಂದೆಯೇ ಬಂದ ಕಾವಲುಗಾರ ಕೂಗಿದ. ವ್ಯವಸ್ಥಾಪಕರು ಓಡಿಬಂದರು. ಊಟ ಬಿಟ್ಟು ಮಕ್ಕಳೂ, ಬಾವಿಯ ಕಡೆಯಿಂದ ಪಾಟೀಲ ಸರ್ ಕೂಡ ಬಂದು ಬಾಗಿಲಲ್ಲಿ ಗುಂಪುಗೂಡಿದರು.

ವ್ಯವಸ್ಥಾಪಕರ ಮುಖ ಬಿಳಿಚಿಕೊಂಡಿತ್ತು. "ಏನ ಮಾಡ್ಯಾಳ್ರಿ ಇಕಿ? ಕಲಾವಿದರು ನಾಳಿ ಮುಂಜಾನಿ ಬರಾವ್ರ ಅದಾರ. ಏನಂತ ಹೇಳ್ಲಿ ನಾ ಅವ್ರಿಗೆ? ನನ್ನ ನೌಕರಿ ಉಳೀತೈತೇನ್ರಿ?" ಆಮೇಲೆ ನನ್ನ ಕಡೆ ತಿರುಗಿ, "ಚಿಂತಿ ಬ್ಯಾಡ ಅಂದಿದ್ರೆಲ್ಲ ಬಾಯಾರ" ಎಂದರು. ಇಲಾಖೆಗೆ ಪತ್ರ ಬರೆಯುತ್ತೇನೆ, ಇನ್ನು ಮುಂದೆ ನಿಮ್ಮ ಶಾಲೆಗೆ ಇಲ್ಲಿ ಪ್ರವೇಶವಿಲ್ಲ ಎಂದರು. ಬರೆಯಬಾರದು ಎಂದರೆ ಮಗ್ಗ ಮುಂಜಾನೆ ಹೇಗಿತ್ತೋ ಹಾಗೆ ಆಗಬೇಕು ಎಂಬುದು ಅವರ ಷರತ್ತು.

ತಾವೇ ಕನ್ನಡಕ ಹಾಕಿಕೊಂಡು ಕೂತು ಕಸ್ತೂರಿಯ ಗಂಟುಗಳನ್ನು ಹುಡುಕಿದರು. ನೂರಾರು ಎಳೆಗಳ ನಡುವೆ ಒಂದೂ ಸಿಗಲಿಲ್ಲ. ಕೊನೆಗೆ ಒಂದು ಗಂಟು ಕಂಡು ಅದಕ್ಕೆ ಕೈ ಹಾಕಿದಾಗ ಕಸ್ತೂರಿ, "ಅದು ನಂದಲ್ರಿ. ಅದು ಅಜ್ಜ ಹಚ್ಚಿದ್ದು" ಎಂದಳು.

"ಯಾವ ಅಜ್ಜ?"

"ಈ ಮಗ್ಗದ ಅಜ್ಜ. ಅಂವ ಎಡಗೈಲೆ ಹೊಸಿತಿದ್ದ. ನೂಲು ಆ ಕಡೆ ತಿರಗೈತಿ ನೋಡ್ರಿ."

ತೀರಿಹೋದ, ಎಂದೂ ನೋಡದ ಒಬ್ಬ ಮನುಷ್ಯ ಎಡಗೈಯವನು ಎಂದು ಗಂಟು ನೋಡಿ ಹೇಳಿತ್ತು ಆ ಮಗು. ಆ ಕ್ಷಣಕ್ಕೆ ನಾನು ಬಾಯಿ ಮುಚ್ಚಿಕೊಂಡು ಅವಳ ಪಕ್ಕ ಕೂರಬೇಕಿತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇಲಾಖೆಯ ಪತ್ರ, ಹೆಡ್ ಮಾಸ್ತರರ ಮುಖ, ನಾನು ಬಾಗಿಲಲ್ಲಿ ಆಡಿದ ದೊಡ್ಡ ಮಾತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟುಬಿಟ್ಟೆ.

"ಕಸ್ತೂರಿ, ನೀ ಹಚ್ಚಿದ್ದನ್ನ ನೀನ ಹರಿ" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬ್ಯಾಡ್ರಿ ಟೀಚರ್. ಮಗ್ಗದ ಮ್ಯಾಲಿನ ಎಳಿ ಕೈಯಾರೆ ಹರೀಬಾರದು. ನಮ್ಮ ಆಯಿ ಹೇಳ್ಯಾಳ್ರಿ." ಆಯಿ ಎಂದರೆ ಅವಳ ಅಜ್ಜಿ.

"ಎಷ್ಟ ಹಚ್ಚಿದಿ?"

"ನಲವತ್ತಾರ್ರಿ."

"ನಲವತ್ತಾರೂ ಹರಿ."

"ಬೇಕಂದ್ರ ಕೈ ಮ್ಯಾಲ ಹೊಡೀರಿ ಟೀಚರ್. ಹರಿಯೂದ ಬ್ಯಾಡ್ರಿ." ಎಂದು ಬೆನ್ನ ಹಿಂದಿನ ಕೈ ತೆಗೆದು ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು.

ಮಕ್ಕಳನ್ನು ಹೊಡೆಯದವಳು ನಾನು. ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಬಾಗಿಲಲ್ಲಿ ನಿಂತ ಮಕ್ಕಳ ಕಡೆ ಕೈ ತೋರಿಸಿ, "ನೀ ಹರೀಲಿಲ್ಲಂದ್ರ ಇವ್ರ್ಯಾರಿಗೂ ಇನ್ನ ಮ್ಯಾಲೆ ಟ್ರಿಪ್ ಇಲ್ಲ. ನಿನ್ನ ಸಂಬಂಧ ಎಲ್ಲಾರೂ ಮನ್ಯಾಗ ಕುಂದರಲಿ" ಎಂದೆ. ಮೂವತ್ತೆಂಟು ಮಕ್ಕಳು ಅವಳನ್ನೇ ನೋಡಿದರು. ಹಿಂದಿನಿಂದ ಯಾರೋ ಮೆಲ್ಲಗೆ, "ಹರದಬಿಡ ಕಸ್ತೂರಿ" ಎಂದರು.

ಕಾವಲುಗಾರ ಕತ್ತರಿ ತಂದುಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ. ಮಗ್ಗದ ಮುಂದೆ ಕೂತು, ತನ್ನ ಮೊದಲನೆಯ ಗಂಟನ್ನು ಹುಡುಕಿ, ಎರಡು ಬೆರಳಿಗೆ ಸುತ್ತಿ ಹರಿದಳು. ಎಳೆ ಹರಿದ ಆ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಪುಸ್ತಕಕ್ಕೆ ಕಾಲು ತಾಗಿದರೆ ನಮ್ಮ ಮಕ್ಕಳು ಕಣ್ಣಿಗೆ ಒತ್ತಿಕೊಳ್ಳುತ್ತಾರಲ್ಲ, ಹಾಗೆ. ಮತ್ತೊಂದು ಹರಿದಳು, ಮತ್ತೆ ಕಣ್ಣಿಗೆ ಒತ್ತಿಕೊಂಡಳು. ಪ್ರತಿ ಎಳೆಗೂ ಹಾಗೆಯೇ. ನೂಲು ಹರಿಯುವ ಸಣ್ಣ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಇಪ್ಪತ್ತರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ನನಗೆ ನೋಡಲಾಗಲಿಲ್ಲ, ಕಿಟಕಿಯ ಕಡೆ ತಿರುಗಿ ನಿಂತೆ. ತಿರುಗಿ ನಿಂತೆನೇ ಹೊರತು ಸಾಕು ಎನ್ನಲಿಲ್ಲ.

ಬಹಳ ಹೊತ್ತಿನ ಮೇಲೆ "ಆತ್ರಿ" ಎಂದಳು.

"ಎಲ್ಲಾ ಹರದಿಯೇನ?" ವ್ಯವಸ್ಥಾಪಕರು ಕೇಳಿದರು. ಅವಳು ತಲೆಯಾಡಿಸಿದಳು. ಅವರು ಅನುಮಾನದಿಂದ ನನ್ನ ಮುಖ ನೋಡಿದರು. "ನನ್ನ ಹುಡುಗ್ರು ಸುಳ್ಳ ಹೇಳಂಗಿಲ್ರಿ" ಎಂದೆ. ಅಷ್ಟಾದ ಮೇಲೂ ನನಗೆ ನನ್ನ ಮರ್ಯಾದೆಯದ್ದೇ ಚಿಂತೆ. ಪತ್ರ ಬರೆಯುವುದಿಲ್ಲ ಎಂದು ಅವರು ಒಪ್ಪಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಕಸ್ತೂರಿ ಕಿಟಕಿಯ ಪಕ್ಕ ಕೂತಿದ್ದಳು. ಕೈಗಳೆರಡನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದಳು. ಅವಳ ಬುತ್ತಿ ಬಿಚ್ಚದೆ ಹಾಗೆಯೇ ಇತ್ತು. ಊಟ ಮಾಡು ಎಂದು ಹೇಳಲು ಎದ್ದವಳು, ಯಾವ ಬಾಯಿಂದ ಹೇಳಲಿ ಎಂದು ಮತ್ತೆ ಕೂತೆ. ಬೈಗುಳ ಮರೆಯುವುದು ಮಕ್ಕಳ ಸ್ವಭಾವ, ಸೋಮವಾರದ ಹೊತ್ತಿಗೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶನಿವಾರ ಅವಳು ಶಾಲೆಗೆ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಅವಳ ಓಣಿಯ ರೂಪಾಳನ್ನು ಕೇಳಿದೆ. "ಜ್ವರ ಬಂದಾವಂತ್ರಿ" ಎಂದಳು. ಮಂಗಳವಾರ ಕಳೆಯಿತು. ಬುಧವಾರ ರೂಪಾ ತಾನಾಗಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಟೀಚರ್, ಅಕಿಗೆ ಜ್ವರ ಇಲ್ರಿ. ಸಾಲಿ ಹೆಸರು ತಗದ್ರ ಅಳತಾಳಂತ. ಮಗ್ಗಾನೂ ಮುಟ್ಟಾಕ ಒಲ್ಲೆ ಅಂತಾಳಂತ."

ಅವತ್ತು ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಮಕ್ಕಳಿಗೆ ಶಿಸ್ತು ಬೇಕಾಗುತ್ತದೆ, ಸಂಗ್ರಹಾಲಯಕ್ಕೆ ಅದರದೇ ನಿಯಮ ಇರುತ್ತದೆ, ಇತ್ಯಾದಿ. ಓಣಿಯ ಎರಡೂ ಬದಿ ಪವರ್‌ಲೂಮುಗಳ ಸದ್ದು. ಕಸ್ತೂರಿಯ ತಂದೆಯೂ ಅಂಥದ್ದೊಂದರಲ್ಲಿ ಕೂಲಿಗೆ ಹೋಗುತ್ತಿದ್ದ, ಮನೆಯಲ್ಲಿರಲಿಲ್ಲ. ತಾಯಿ ಬಾಗಿಲು ತೆಗೆದು ಒಳಗೆ ಕರೆದಳು. ನಡುಮನೆಯಲ್ಲಿ ಒಂದು ಕೈಮಗ್ಗ. ಅದರ ಪಕ್ಕ ಗೋಡೆಗೆ ಒರಗಿ ಅಜ್ಜಿ ಗಂಗವ್ವ ಕೂತಿದ್ದರು. ಮಗ್ಗದ ಮೇಲೆ ಸೀರೆ ಇತ್ತು. ಆದರೆ ಅದು ನಡೆಯುತ್ತಿರಲಿಲ್ಲ.

"ಬರ್ರಿ ಬಾಯಾರ, ಕುಂದರ್ರಿ" ಎಂದು ದನಿ ಬಂದ ಕಡೆ ಮುಖ ಮಾಡಿದರು. ಆಗ ತಿಳಿಯಿತು, ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಕೈಗೆ ರೂಢಿ ಐತ್ರಿ, ನೇಯ್ತೀನಿ. ಎಳಿ ಹರದ್ರ ಮಾತ್ರ ಕಾಣಂಗಿಲ್ಲ. ಒಂದ ವರ್ಷ ಆತು, ಕಸ್ತೂರಿನ ನನ್ನ ಕಣ್ಣು. ಮುಂಜಾನಿ ಸಾಲಿಗೆ ಹೋಗೂಕಿಂತ ಮೊದಲ ಒಮ್ಮೆ ನೋಡತಿದ್ಲು, ಬಂದ ಮ್ಯಾಲ ಒಮ್ಮೆ. ಹರದ ಎಳಿ ನೋಡಿ ಹಂಗ ದಾಟಿ ಹೋದಾಕಿ ಅಲ್ಲ. ಈಗ ಐದ ದಿನಾ ಆತ್ರಿ, ಮಗ್ಗದ ಹಂತ್ಯಾಕ ಬರವಲ್ಲಳು. ನನ್ನ ಕೈ ಹೊಲಸ ಆಗೈತಿ ಅಂತಾಳ. ಏನಾತ್ರಿ ಅಲ್ಲಿ? ಕೂಸು ಬಾಯಿ ಬಿಡವಲ್ದು."

ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟುಬಿಟ್ಟೆ. ಕಸ್ತೂರಿ ನನ್ನ ಮೇಲೆ ಚಾಡಿ ಹೇಳಿರಲಿಲ್ಲ. ನಾನು ಮಾಡಿದ್ದನ್ನು ನಾನೇ ನನ್ನ ಬಾಯಿಂದ ಹೇಳಬೇಕಿತ್ತು. ಹೇಳಿದೆ. ಮಗ್ಗ, ಗಂಟು, ಎಡಗೈಯ ಅಜ್ಜ, ಬಾಗಿಲಲ್ಲಿ ನಿಂತ ಮಕ್ಕಳು, ಒಂದನ್ನೂ ಬಿಡದೆ ಹೇಳಿದೆ.

"ಎಷ್ಟ ಎಳಿ ಹರಿಸಿದ್ರಿ?" ಅಜ್ಜಿ ಕೇಳಿದರು.

"ನಲವತ್ತಾರು."

ಅಜ್ಜಿ ತಮ್ಮ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಸಿಟ್ಟಿಲ್ಲದೆ, ಲೆಕ್ಕ ತಪ್ಪಿದ ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು: "ನೋಡ್ರಿ ಬಾಯಾರ, ನೀವು ಅಂದಿದ್ದಕ್ಕ ಅಕಿ ಹರದಾಳ. ಅದರ ಪಾಪ ಅಕಿ ಮ್ಯಾಲಿಲ್ಲ. ನಿಮ್ಮ ಮ್ಯಾಲ ಐತಿ. ನಾ ಹೇಳಿದ್ರ ಕೂಸು ನಂಬಂಗಿಲ್ಲ. ನೀವ ಹೋಗಿ ಹೇಳ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನಗೆ ಹಾಗೆ ಎದುರಿಗೆ ಕೂರಿಸಿಕೊಂಡು ತಪ್ಪು ನಿನ್ನದು ಎಂದು ಹೇಳಿರಲಿಲ್ಲ. ಎದ್ದು ಹಿತ್ತಿಲಿಗೆ ಹೋದೆ.

ಕಸ್ತೂರಿ ನೀರಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ಗೋಡೆಗೆ ಅಂಟಿ ನಿಂತಳು. ನಾನು ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತೆ.

"ಕಸ್ತೂರಿ, ಆ ಎಳಿ ಹರದಾಕಿ ನೀ ಅಲ್ಲ. ನಾ. ಕೈ ಅಷ್ಟ ನಿಂದಿತ್ತು, ಹರದಾಕಿ ನಾ. ನಿನ್ನ ಕೈ ಹೊಲಸ ಆಗಿಲ್ಲ. ನಂದ ತಪ್ಪಾತು."

ಅವಳು ಕಾಲಿನ ಹೆಬ್ಬೆರಳಿಂದ ಕಲ್ಲನ್ನು ಉಜ್ಜುತ್ತ ನಿಂತಳು. ನಾನು ಮತ್ತೊಮ್ಮೆ, "ತಪ್ಪಾತು ತಂಗಿ, ಸಾಲಿಗೆ ಬಾ" ಎಂದೆ. ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಬಹಳ ಮೆಲ್ಲಗೆ ಕೇಳಿದಳು.

"ಸಾಲಿಗೆ ಬಂದ್ರ ಮತ್ತ ಅಲ್ಲಿಗೆ ಕರಕೊಂಡ ಹೋಗತೀರೇನ್ರಿ ನನ್ನ?"

"ಅಲ್ಲಿಗೆ ಯಾಕ ಕರಕೊಂಡ ಹೋಗ್ಲಿ?"

"ನಾ ಎಲ್ಲಾ ಹರೀಲಿಲ್ರಿ ಟೀಚರ್. ನೀವು ಕಿಡಕಿ ಕಡೆ ಹೊಳ್ಳಿದಾಗ ನಾಕ ಎಳಿ ಬಿಟ್ಟೇನಿ. ನಡುವಿನ್ಯಾವು. ಎಲ್ಲಾ ಹರದೇನಿ ಅಂತ ಸುಳ್ಳ ಹೇಳೇನ್ರಿ."

ಐದು ದಿನ ಆ ಹುಡುಗಿ ಮನೆಯಲ್ಲಿ ಕೂತದ್ದು ನನ್ನ ಮೇಲಿನ ಸಿಟ್ಟಿಗಲ್ಲ. ನಾನು ಮಾಡಿದ ಅವಮಾನಕ್ಕೂ ಅಲ್ಲ. ಉಳಿದ ನಾಲ್ಕು ಎಳೆಗಳ ವಿಷಯ ನನಗೆ ತಿಳಿದರೆ, ನಾನು ಮತ್ತೆ ಕರೆದುಕೊಂಡು ಹೋಗಿ ಅವನ್ನೂ ಹರಿಸುತ್ತೇನೆ ಎಂಬ ಹೆದರಿಕೆಗೆ. ನನ್ನನ್ನು ಅವಳು ಅಂಥವಳು ಎಂದು ತಿಳಿದಿದ್ದಳು. ಹಾಗೆ ತಿಳಿಯಲು ಕಾರಣ ನಾನೇ ಕೊಟ್ಟಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ ಎಂದು ಹಿರಿಯರು ಕೇಳುತ್ತಿದ್ದುದು ಸುಳ್ಳಲ್ಲ. ನನಗೆ ಅಳು ತಡೆಯಲಾಗಲಿಲ್ಲ. ವಿದ್ಯಾರ್ಥಿಯ ಮುಂದೆ ಕೂತು ಅತ್ತೆ.

"ಕರಕೊಂಡ ಹೋಗಂಗಿಲ್ಲ" ಎಂದೆ. "ಯಾರಿಗೂ ಹೇಳಂಗಿಲ್ಲ. ಆ ನಾಕ ಎಳಿ ಹಂಗ ಇರಲಿ. ಛಲೋ ಮಾಡಿದಿ."

"ಖರೇನ?"

"ಖರೇನ."

"ಆಯಿಗೆ ಹೇಳ್ಲೇನ್ರಿ?"

"ಆಯಿಗೆ ಹೇಳು."

ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಒಳಗೆ ಓಡಿದಳು. ನಾನು ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಅಜ್ಜಿಯ ಕಿವಿಯಲ್ಲಿ ಅವಳು ಏನೋ ಹೇಳಿದಳು. ಅಜ್ಜಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ನಾಕರ ಉಳದಾವಲ್ಲ ಬೇ. ಸಾಕ ಬ್ಯಾರೆಯವ್ರ ಮಗ್ಗಕ್ಕ. ಈಗ ನಮ್ಮದ ನೋಡ. ಎಲ್ಲೆಲ್ಲಿ ಹರದೈತೋ ಏನೋ" ಎಂದರು. ಕಸ್ತೂರಿ ಮಗ್ಗದ ಮೇಲೆ ಬಗ್ಗಿದಳು. ನಾನು ಹೇಳದೆ ಹೊರಗೆ ಬಂದೆ.

ಮರುದಿನ ಅವಳು ಶಾಲೆಗೆ ಬಂದಳು. ಹಾಜರಿ ಮುಗಿದ ಮೇಲೆ ನಾನು ಇಡೀ ತರಗತಿಯ ಮುಂದೆ ನಿಂತು, ಅವತ್ತು ಕಸ್ತೂರಿಗೆ ನಾನು ಮಾಡಿದ್ದು ತಪ್ಪು, ಅವಳು ಮಾಡಿದ್ದು ಅವಳ ಮನೆಯವರು ಕಲಿಸಿದ ಒಳ್ಳೆಯ ಕೆಲಸ ಎಂದು ಹೇಳಿ ಕೈ ಮುಗಿದೆ. ಮಕ್ಕಳಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಬ್ಬಳು ಎದ್ದು ನಿಂತಳು, ಅವಳನ್ನು ನೋಡಿ ಎಲ್ಲರೂ ಎದ್ದು ನಿಂತರು. "ಕುಂದರ್ರಿ, ಗಣಿತ ತಗೀರಿ" ಎಂದೆ. ನಾಲ್ಕು ಎಳೆಗಳ ಮಾತನ್ನು ಮಾತ್ರ ಅಲ್ಲಿ ಎತ್ತಲಿಲ್ಲ.

ಈಗ ನನಗೆ ಬೀಳಗಿ ತಾಲೂಕಿನ ಒಂದು ಹಳ್ಳಿಗೆ ವರ್ಗವಾಗಿದೆ. ಕಸ್ತೂರಿ ಹೈಸ್ಕೂಲಿನಲ್ಲಿದ್ದಾಳೆ. ಹೋದ ವರ್ಷ ಹೊಸ ಶಾಲೆಯ ಮಕ್ಕಳನ್ನು ಕರೆದುಕೊಂಡು ಅದೇ ವಾಡೆಗೆ ಹೋದೆ. ಮನಸ್ಸಿರಲಿಲ್ಲ, ಆದರೆ ನನ್ನ ಮುಜುಗರಕ್ಕಾಗಿ ಆ ಮಕ್ಕಳಿಗೆ ಚಿತ್ರಗಳನ್ನು ತಪ್ಪಿಸುವುದು ಸರಿಯಲ್ಲ ಅನ್ನಿಸಿತು. ಬಸ್ಸಿನಲ್ಲಿ ಕೈ ಹಚ್ಚಬಾರದು ಎಂದು ಈಗಲೂ ಹೇಳಿದೆ. ಜೊತೆಗೆ, ಏನಾದರೂ ಮಾಡಬೇಕೆನ್ನಿಸಿದರೆ ಮೊದಲು ನನಗೆ ಬಂದು ಹೇಳಿ, ನನಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ ಎಂದೆ.

ಕೊನೆಯ ಕೋಣೆಯಲ್ಲಿ ಮಗ್ಗ ಹಾಗೆಯೇ ಇತ್ತು. ಮಕ್ಕಳು ಮುಂದೆ ಹೋದ ಮೇಲೆ ನಾನು ಹಗ್ಗದ ಈಚೆ ನಿಂತು ನಡುವಿನ ಎಳೆಗಳನ್ನು ಒಂದೊಂದಾಗಿ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಕಸ್ತೂರಿಯ ನಾಲ್ಕು ಎಳೆಗಳು ಯಾವುವು ಎಂದು ನನಗೆ ಸಿಗಲಿಲ್ಲ. ಆದರೆ ಅವು ಅಲ್ಲೇ ಇವೆ. ಇಷ್ಟು ವರ್ಷ ಮಕ್ಕಳಿಗೆ ಹೇಳಿದ ಮಾತು ಕೇಳಿ, ಹೇಳಿದ ಮಾತು ಕೇಳಿ ಎಂದು ಕಲಿಸುತ್ತ ಬಂದವಳು ನಾನು. ಅವತ್ತು ಒಂದು ಮಗು ನಾಲ್ಕು ಸಲ ನನ್ನ ಮಾತು ಕೇಳಲಿಲ್ಲ. ಆ ಕೋಣೆಯಲ್ಲಿ ಅಂದು ನಡೆದದ್ದರಲ್ಲಿ ನಾನು ನಾಚಿಕೊಳ್ಳದೆ ನೆನೆಯಬಹುದಾದದ್ದು ಅದೊಂದೇ.